ಗಡಿ ದಾಟಿದ ಧಾಟಿ

ಹಳೆಯ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಸ್ವರಲಿಪಿ ಅಪರೂಪ. ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಹೆಸರಿರುತ್ತದೆ. ಎಷ್ಟೋ ಕಡೆ ಅದರ ಜೊತೆಗೆ ‘ಇಂಥ ಹಾಡಿನ ಧಾಟಿ’ ಅಥವಾ ‘ಇಂಥದರ ಮಟ್ಟು’ ಎಂದು ಒಂದು ಸಾಲು. ಆ ಇನ್ನೊಂದು ಹಾಡು ಮರಾಠಿಯದಾಗಿರಬಹುದು, ಹಿಂದೂಸ್ತಾನಿಯದೋ ತೆಲುಗಿನದೋ ಆಗಿರಬಹುದು. ಹಾಡುವವನಿಗೆ ಅದು ಬಂದೇ ಬರುತ್ತದೆ ಎಂಬ ನಂಬಿಕೆಯಿಂದ ಅಚ್ಚು ಹಾಕಿದ್ದು. ರಂಗಗೀತೆಗಳನ್ನು ಹೊಸದಾಗಿ ಕೇಳಲು ಹೊರಟವರಿಗೆ ಈ ಸಾಲೇ ಒಳ್ಳೆಯ ಬಾಗಿಲು. ಕನ್ನಡದ ರಂಗಗೀತೆ ಕನ್ನಡದ ಗಡಿಯೊಳಗೇ ಹುಟ್ಟಿ ಬೆಳೆದದ್ದಲ್ಲ ಎಂಬುದನ್ನು ಅದು ಮೊದಲಿಗೇ ಹೇಳಿಬಿಡುತ್ತದೆ.

ಹೈದರಾಬಾದಿನಿಂದ ನೋಡಿದರೆ ಈ ಓಡಾಟದ ನಕ್ಷೆ ಚೆನ್ನಾಗಿ ಕಾಣುತ್ತದೆ. 1872ರಲ್ಲಿ ಸಾಲಾರ್ ಜಂಗ್ ಆಹ್ವಾನದ ಮೇಲೆ ಮುಂಬಯಿಯ ಪಾರಸಿಗಳ ವಿಕ್ಟೋರಿಯಾ ನಾಟಕ ಮಂಡಳಿ ಆ ನಗರಕ್ಕೆ ಬಂತು. 1880ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ್ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಅದೇ ಹೊತ್ತಿಗೆ ಧಾರವಾಡದ ನಾಟಕ ಕಂಪನಿಯೊಂದು ರಾಜಮಹೇಂದ್ರಿಯವರೆಗೆ ಹೋಗಿ ಆಡಿತು. ಅದು ಬಿಟ್ಟುಹೋದ ಚಪ್ಪರದಲ್ಲಿಯೇ ಕಂದುಕೂರಿ ವೀರೇಶಲಿಂಗಂ ತಮ್ಮ ತೆಲುಗು ನಾಟಕ ಆಡಿಸಿದರೆಂದು ತೆಲುಗು ರಂಗಭೂಮಿಯ ಚರಿತ್ರೆ ನೆನೆಯುತ್ತದೆ. ಅದೇ ದಶಕದಲ್ಲಿ ಬಳ್ಳಾರಿಯ ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯುಲು ತೆಲುಗು ಪಾತ್ರಗಳ ಬಾಯಲ್ಲಿ ಪದ್ಯಗಳನ್ನು ಹಾಡಿಸಿದರು. ತೆಲುಗಿನವರು ಇಂದಿಗೂ ಹೆಮ್ಮೆಪಡುವ ಪದ್ಯನಾಟಕದ ತೊಟ್ಟಿಲು ತೂಗಿದ್ದು ಈಗ ಕರ್ನಾಟಕದಲ್ಲಿರುವ ಊರಿನಲ್ಲಿ.

1884ರಲ್ಲಿ ತುಮಕೂರಿನ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮರುವರ್ಷ ಕಡಪಾ ಸೀಮೆಯ ಸುರಭಿ ಗ್ರಾಮದಲ್ಲಿ ವನಾರಸ ಗೋವಿಂದರಾವ್ ‘ಕೀಚಕವಧೆ’ ಆಡಿಸಿದರು. ತೊಗಲುಗೊಂಬೆ ಆಡಿಸುತ್ತಿದ್ದ, ಮರಾಠಿ ಮೂಲದ ಕುಟುಂಬ ಅದು. ಹೆಣ್ಣುಪಾತ್ರಗಳನ್ನು ಮನೆಯ ಹೆಂಗಸರೇ ಆಡಿದರು. ಆ ವಂಶದವರ ಬಹುಭಾಗ ಈಗ ಹೈದರಾಬಾದಿನ ಲಿಂಗಂಪಲ್ಲಿಯ ಸುರಭಿ ಕಾಲೊನಿಯಲ್ಲಿ ನೆಲೆಸಿದೆ. ‘ಮಾಯಾಬಜಾರ್’, ‘ಪಾತಾಳಭೈರವಿ’ಗಳಲ್ಲಿ ತಂತಿಯ ಮೇಲೆ ಪಾತ್ರಗಳು ಹಾರುವುದನ್ನು ನೋಡಲು ಜನ ಹೋಗುತ್ತಾರೆ, ಹಾರ್ಮೋನಿಯಂ ಕೇಳಿಕೊಂಡು ಬರುತ್ತಾರೆ.

ಕೇಳುವುದು ಹೇಗೆ? ಮೊದಲು ವೃತ್ತವನ್ನು ಹಿಡಿಯಬೇಕು. ಉತ್ಪಲಮಾಲೆ, ಚಂಪಕಮಾಲೆ, ಮತ್ತೇಭ, ಶಾರ್ದೂಲ: ಪಂಪ, ರನ್ನರ ಕಾವ್ಯದಲ್ಲಿ ಕನ್ನಡಿಗರು ಓದುವ ಈ ಛಂದಸ್ಸುಗಳು ತೆಲುಗು ರಂಗದ ಮೇಲೆ ಇನ್ನೂ ಜೀವಂತ ಹಾಡುಗಳು. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21, ಶಾರ್ದೂಲಕ್ಕೆ 19. ಎರಡನೆಯ ಅಕ್ಷರದ ಪ್ರಾಸ ನಾಲ್ಕೂ ಸಾಲುಗಳಲ್ಲಿ ಮರಳಿ ಬರುವುದರಿಂದ ಹೊಸ ಸಾಲು ಶುರುವಾದದ್ದು ಕಿವಿಗೇ ತಿಳಿಯುತ್ತದೆ. ಕನ್ನಡ ಕವಿಗಳು ಕೈಬಿಟ್ಟ ಯತಿಯನ್ನು ತೆಲುಗು ಇಟ್ಟುಕೊಂಡಿದೆ. ಸಾಲಿನ ನಡುವೆ ಮೊದಲಕ್ಷರದ ಪ್ರತಿಧ್ವನಿ ಕೇಳುತ್ತದೆ. ಇದಕ್ಕೆ ತಾಳವಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿದು ಕಾಯುತ್ತದೆ, ನಟ ಮಾತಿನ ಕಾವಿಗೆ ತಕ್ಕಂತೆ ಎಳೆಯುತ್ತಾನೆ, ಕೊನೆಗೆ ಆಲಾಪ. ಸಭೆ ‘ಒನ್ಸ್ ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು ಎಂಬ ತಮಾಷೆ ಎರಡೂ ಭಾಷೆಯಲ್ಲಿದೆ.

ಎರಡನೆಯದು ತಾಳಕ್ಕೆ ಕೂತ ಹಾಡು: ನಾಂದಿ, ಪಾತ್ರದ ಪ್ರವೇಶಗೀತೆ, ಜಗಳವಾಡುತ್ತಲೇ ಹಾಡುವ ಸಂವಾದಗೀತೆ, ಹಾಸ್ಯಜೋಡಿಯ ಪದ, ಕೊನೆಗೆ ಮಂಗಳ. ಪರದೆಯ ಹಿಂದೆ ಸೀನು ಬದಲಾಗುವಷ್ಟು ಹೊತ್ತು ಮುಂದೆ ಹಾಸ್ಯಗಾರ ಹಾಡುತ್ತಿರಬೇಕು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳಿಸಬೇಕು. ಏರುಶ್ರುತಿ, ಬಿಡಿಬಿಡಿಯಾದ ಉಚ್ಚಾರ, ಮರಳಿ ಮರಳಿ ಬರುವ ಪಲ್ಲವಿ ಈ ಅಗತ್ಯಗಳಿಂದ ಹುಟ್ಟಿದ ಗುಣಗಳು. ಎರಡೂ ಕೈಗೆ ಬಿಡುವು ಕೊಟ್ಟು ಕಾಲಿನಿಂದ ಗಾಳಿ ಊದುವ ಲೆಗ್ ಹಾರ್ಮೋನಿಯಂ ಬಂದದ್ದೂ ಅದಕ್ಕೇ.

ಹಾಡು ನಾಟಕವನ್ನು ನುಂಗುತ್ತದೆ ಎಂಬ ದೂರು ಹಳೆಯದು. ಬಳ್ಳಾರಿ ರಾಘವ ಉದ್ದನೆಯ ರಾಗಾಲಾಪನೆಯನ್ನು ವಿರೋಧಿಸಿದರು. ಮಾತು, ಮುಖ, ಮೌನಗಳಿಂದ ಪಾತ್ರ ಕಟ್ಟಬೇಕೆಂದು ಹಟ ಹಿಡಿದರು. ರಾಘವರ ವಾದದಲ್ಲಿ ಹುರುಳಿತ್ತು. ಗಂಡನನ್ನೋ ಮಗನನ್ನೋ ಕಳೆದುಕೊಂಡವಳು ಚಪ್ಪಾಳೆಗಾಗಿ ಅದೇ ಪದ್ಯವನ್ನು ಮೂರನೆಯ ಸಲ ಹಾಡಿದರೆ ಸಂಕಟ ಸಂಗೀತ ಕಚೇರಿಯಾಗುತ್ತದೆ.

ಇದಕ್ಕೆ ಬೇರೆ ಬಗೆಯ ಉತ್ತರ ಕೊಟ್ಟವರು ಬಿ.ವಿ. ಕಾರಂತರು. ಬಂಟ್ವಾಳದ ಹತ್ತಿರದ ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಹಾಡಿನ ರುಚಿ ಹತ್ತಿದ್ದು ಅಲ್ಲಿ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಭೋಪಾಲದ ರಂಗಮಂಡಲ, ಮೈಸೂರಿನ ರಂಗಾಯಣಗಳನ್ನು ನಡೆಸಿದ ಕಾರಂತರು ಹಾಡನ್ನು ಕಡಿಮೆ ಮಾಡಲಿಲ್ಲ, ಅದಕ್ಕೆ ಕೆಲಸ ಕೊಟ್ಟರು. ಹಾಡು ಕತೆಯನ್ನು ಮುಂದೂಡಬೇಕು, ಇಲ್ಲವೇ ಕತೆಯ ಮೇಲೆ ಟೀಕೆ ಮಾಡಬೇಕು. 1990ರ ದಶಕದಲ್ಲಿ ಅವರು ಸುರಭಿಯವರಿಗೆ ‘ಭೀಷ್ಮ’, ‘ಚಂಡೀಪ್ರಿಯ’, ‘ಬಸ್ತಿ ದೇವತ ಯಾದಮ್ಮ’ ನಾಟಕಗಳನ್ನು ನಿರ್ದೇಶಿಸಿದರು. ಕೊನೆಯದು ಬ್ರೆಕ್ಟ್‌ನ ಸೆಜುವಾನ್ ಕತೆಯ ತೆಲುಗು ರೂಪ. ಗುಬ್ಬಿಯಲ್ಲಿ ಪಳಗಿದ ಕಿವಿಯೊಂದು ಸುರಭಿಯ ಗಂಟಲುಗಳಿಂದ ಜರ್ಮನ್ ನಾಟಕವನ್ನು ಹಾಡಿಸಿತು. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಕಂಪನಿಗಳ ದಾರಿ ನೂರು ವರ್ಷ ದಾಟಿದ ಮೇಲೆ ಹೀಗೆ ಕೂಡಿತು.

ಆದರೆ ಧಾಟಿಯ ಆ ಸಾಲಿಗೆ ಒಂದು ಅಪಾಯವಿದೆ. ಬ್ರಾಡ್‌ವೇಯ ‘ಒಕ್ಲಹೋಮಾ!’ ಹಾಡುಗಳಿಗೆ ರಿಚರ್ಡ್ ರಾಜರ್ಸ್ ಬರೆದ ಸ್ವರಗಳ ಅಚ್ಚಾದ ಪ್ರತಿ ಇದೆ. 1943ರ ಹಾಡನ್ನು ಇಂದು ಯಾರೂ ತೆಗೆದು ಬಾರಿಸಬಹುದು. ಕಂಪನಿ ನಾಟಕದ ಪುಸ್ತಕ ಇನ್ನೊಂದು ಹಾಡಿನತ್ತ ಕೈತೋರಿಸಿ ಸುಮ್ಮನಾಗುತ್ತದೆ. ಆ ಹಾಡು ಮರೆತುಹೋದ ದಿನ ಪದಗಳು ಉಳಿಯುತ್ತವೆ, ರಾಗದ ಹೆಸರೂ ಉಳಿಯುತ್ತದೆ, ಹಾಡು ಹೋಗುತ್ತದೆ. ಆರ್. ಪರಮಶಿವನ್ ಅವರಂಥವರು ಬಾಲನಟರಾಗಿ ಕಲಿತದ್ದನ್ನು ಇಳಿವಯಸ್ಸಿನಲ್ಲಿ ಕೂತು ಹೊಸಬರಿಗೆ ಹೇಳಿಕೊಟ್ಟದ್ದರಿಂದ, ಬಿ. ಜಯಶ್ರೀ ಅಜ್ಜ ಗುಬ್ಬಿ ವೀರಣ್ಣನವರ ಕಾಲದ ಹಾಡುಗಳನ್ನು ವೇದಿಕೆಯ ಮೇಲೆ ಹಾಡುತ್ತ ಬಂದದ್ದರಿಂದ ಕೆಲವು ಉಳಿದವು. ಸುರಭಿಯಲ್ಲಿ ಈ ಕೆಲಸ ಮನೆಯೊಳಗೇ ನಡೆಯುತ್ತದೆ. ನಡೆದಾಡಲು ಕಲಿಯುವ ಮಗು ಬಾಲಕೃಷ್ಣನಾಗಿ ರಂಗಕ್ಕೆ ಬರುತ್ತದೆ, ಮಾತಿನ ಜೊತೆಗೇ ಮಟ್ಟು ಹತ್ತುತ್ತದೆ.

ಹೊಸದಾಗಿ ಕೇಳುವವರು ಮಾಡಬಹುದಾದ ಕೆಲಸವೂ ಇದರಲ್ಲೇ ಅಡಗಿದೆ. ಒಂದು ಕನ್ನಡ ರಂಗಗೀತೆ ಇಷ್ಟವಾದರೆ ಅದರ ಧಾಟಿ ಯಾವುದೆಂದು ಕೇಳಬೇಕು. ಆ ಧಾಟಿಯ ಮರಾಠಿ, ತೆಲುಗು, ಉರ್ದು ಹಾಡನ್ನು ಹುಡುಕಬೇಕು. ಹಳೆಯ ಊರಿನಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಹಾಡಿಸಿ ಫೋನಿನಲ್ಲಿ ಹಿಡಿದಿಡಬೇಕು. 1956ರವರೆಗೆ ರಾಯಚೂರು, ಕಲಬುರಗಿ, ಬೀದರ್ ಎಲ್ಲ ಹೈದರಾಬಾದಿನ ಆಡಳಿತದಲ್ಲೇ ಇದ್ದವು. ಅಲ್ಲಿನ ಒಂದು ಹಾಡಿನ ಇನ್ನರ್ಧ ಲಿಂಗಂಪಲ್ಲಿಯಲ್ಲಿ ಸಿಕ್ಕರೆ ಆಶ್ಚರ್ಯವೇನಿಲ್ಲ.