ಸೀಲು ಉಳಿಸುವ ಗುರುತು: ಪೆಟ್ ಬಾಟಲಿಯ ಕತ್ತು ಮತ್ತು ಮರುಬಳಕೆಯ ವಿನ್ಯಾಸ

ಸೀಲಿನ ಕೆಲಸ ಗುರುತು ಉಳಿಸುವುದು. ಒಮ್ಮೆ ತೆರೆದ ಬಾಟಲಿ ತೆರೆಯದ ಬಾಟಲಿಯಂತೆ ಕಾಣಬಾರದು. ಮರುಬಳಕೆ ಘಟಕಕ್ಕೆ ಬೇಕಾದದ್ದು ಇದರ ತದ್ವಿರುದ್ಧ: ಬಾಟಲಿಗೆ ಪರಕೀಯ ವಸ್ತುವಿನ ಗುರುತೇ ಅಂಟಿರಬಾರದು. ಎರಡೂ ಬೇಡಿಕೆಗಳು ನ್ಯಾಯವಾದವೇ. ಗುರುತನ್ನು ಬೇರೊಂದು ವಸ್ತುವಿನಿಂದ ಮೂಡಿಸುವ ಬದಲು ಮುಚ್ಚಳದ ಆಕಾರದಲ್ಲೇ ಮೂಡಿಸಿದರೆ ಎರಡನ್ನೂ ಪೂರೈಸಬಹುದು ಎಂಬುದು ಈ ಲೇಖನದ ವಾದ. ನೀರು, ತಂಪು ಪಾನೀಯಗಳ ಪೆಟ್ ಬಾಟಲಿಯನ್ನೇ ಇಲ್ಲಿ ಮುಖ್ಯವಾಗಿ ಪರಿಶೀಲಿಸಲಾಗಿದೆ.

ಇಂದಿನ ಸೀಲಿನ ನಿಯಮಗಳ ಬೇರು 1982ರ ದುರಂತವೊಂದರಲ್ಲಿದೆ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವುನಿವಾರಕದ ಕ್ಯಾಪ್ಸೂಲ್ ನುಂಗಿದ ಏಳು ಮಂದಿ ಸತ್ತರು. ಯಾರೋ ಅದಕ್ಕೆ ಸೈನೈಡ್ ಸೇರಿಸಿದ್ದರು. ತಯಾರಕರು ಸುಮಾರು 3.1 ಕೋಟಿ ಸೀಸೆಗಳನ್ನು ಹಿಂದಕ್ಕೆ ತರಿಸಿಕೊಂಡರು. ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೊಸ ನಿಯಮ ತಂದಿತು. ಆ ನಿಯಮದ ಒಂದು ಅಂಶ ಇಂದಿಗೂ ಗಮನಾರ್ಹ: ಸೀಲು ಒಡೆದದ್ದು ಕಂಡರೆ ಸಾಲದು, ಅಂಥದೇ ಇನ್ನೊಂದನ್ನು ಯಾರೂ ಸುಲಭವಾಗಿ ತಂದು ಹಾಕುವಂತಿರಬಾರದು. ಟೈಲೆನಾಲ್ ಮಾರುಕಟ್ಟೆಗೆ ಮರಳಿದಾಗ ಅಂಟಿಸಿದ ಪೆಟ್ಟಿಗೆ, ಕತ್ತಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ಅಂಟಿಸಿದ ಹಾಳೆ ಎಂಬ ಮೂರು ಕಾವಲುಗಳಿದ್ದವು. ಜೀವ ಉಳಿಸುವ ಅವಸರದಲ್ಲಿ ಪದರದ ಮೇಲೆ ಪದರ ಸೇರಿಸಿದ್ದು ಸರಿಯೇ. ಆದರೆ ಸುರಕ್ಷತೆ ಎಂದರೆ ಇನ್ನೊಂದು ಪದರ ಎಂಬ ಅಭ್ಯಾಸ, ಅಷ್ಟು ಅಪಾಯವಿಲ್ಲದ ಪಾನೀಯಗಳ ಪ್ಯಾಕಿಂಗ್‌ನಲ್ಲೂ ಬೇರೂರಿತು.

ಆ ಪದರಗಳಿಂದ ಮರುಬಳಕೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸಾಂದ್ರತೆಯಿಂದ ಹೊರಡಬೇಕು. ಪೆಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ, ಮುಚ್ಚಳಕ್ಕೆ ಬಳಸುವ ಎಚ್‌ಡಿಪಿಇಯದು ಸುಮಾರು 0.95, ಪಾಲಿಪ್ರೊಪಿಲೀನಿನದು ಸುಮಾರು 0.90. ಬಾಟಲಿಯನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಹಾಕಿದರೆ ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಮರುಬಳಕೆಯ ದೊಡ್ಡ ಪಾಲು ಈ ಸರಳ ಬೇರ್ಪಡಿಕೆಯನ್ನೇ ನೆಚ್ಚಿದೆ. ಬಿಸಿಗಾಳಿಗೆ ಕುಗ್ಗಿ ಕತ್ತನ್ನು ಬಿಗಿಯುವ ಪಿವಿಸಿಯ ಕುಗ್ಗು ಪಟ್ಟಿ ಇಲ್ಲಿ ತೊಡಕಾಗುತ್ತದೆ. ಅದರ ಸಾಂದ್ರತೆಯೂ ಪೆಟ್‌ನ ಆಸುಪಾಸಿನಲ್ಲೇ ಇರುವುದರಿಂದ ಅದು ಪೆಟ್ ಜೊತೆಗೇ ಮುಳುಗಿ ತಳ ಸೇರುತ್ತದೆ. ಮುಂದೆ ಪೆಟ್ ಕರಗಿಸಲು 260 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಕೊಡುತ್ತಾರೆ. ಅಷ್ಟು ಕಾಯುವ ಮೊದಲೇ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಆ ಆಮ್ಲ ಪೆಟ್‌ನ ಉದ್ದದ ಅಣುಸರಪಳಿಗಳನ್ನು ತುಂಡರಿಸುತ್ತದೆ. ಪ್ಲಾಸ್ಟಿಕ್ ಹಳದಿಯಾಗುತ್ತದೆ, ಕಪ್ಪು ಚುಕ್ಕೆ ಬೀಳುತ್ತವೆ, ಬಲ ಕುಗ್ಗುತ್ತದೆ. ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಹತ್ತು ಭಾಗ ಪಿವಿಸಿ ಸೇರಿದರೂ ಸಾಕು, ಸರಕಿನ ಗುಣ ಇಳಿಯುತ್ತದೆ. ಪಿವಿಸಿಗೆ ಬದಲಾಗಿ ಬಂದ ಪೆಟ್‌ಜಿ ಪಟ್ಟಿಯೂ ಮುಳುಗುವಂಥದೇ. ಚೂರುಗಳನ್ನು ಒಣಗಿಸುವಾಗ ಅದು ಮೆತ್ತಗಾಗಿ ಉಂಡೆಗಟ್ಟುತ್ತದೆ. ಕುಗ್ಗು ಪಟ್ಟಿ ಬೇಕೇ ಬೇಕೆಂದಾದರೆ ತೇಲುವ ಪಾಲಿಒಲಿಫಿನ್ ಪಟ್ಟಿಯನ್ನು ಆರಿಸುವುದು ಒಳಿತು.

ಮನೆಗೆ ಬರುವ ಇಪ್ಪತ್ತು ಲೀಟರ್ ನೀರಿನ ಕ್ಯಾನಿನ ಕತ್ತಿಗೂ ಕುಗ್ಗು ಪಟ್ಟಿ ಹಾಕುವುದುಂಟು. ಕ್ಯಾನು ತುಂಬಿಸಿಕೊಳ್ಳಲು ಹಿಂತಿರುಗುತ್ತದೆ, ಪಟ್ಟಿ ಮಾತ್ರ ಪ್ರತಿ ಸಲವೂ ಕಸವಾಗುತ್ತದೆ. ಗುರುತಿಲ್ಲದ ಸಾದಾ ಪಟ್ಟಿಯಾದರಂತೂ ಅಂಥದೇ ಇನ್ನೊಂದನ್ನು ತಂದು ಬಿಸಿಗಾಳಿ ಹಾಯಿಸಿದರೆ ಕತ್ತು ಮತ್ತೆ ಮುಚ್ಚಿದಂತೆ ಕಾಣುತ್ತದೆ. 1982ರ ನಿಯಮದ ಆಶಯದಲ್ಲಿ ನೋಡಿದರೆ ಅದನ್ನು ಸೀಲೆಂದು ಒಪ್ಪುವುದೇ ಕಷ್ಟ.

ಬಾಯಿಗೆ ಅಂಟುವ ಅಲ್ಯೂಮಿನಿಯಂ ಹಾಳೆಯ ಕಥೆ ಹೆಚ್ಚು ತೊಡಕಿನದು; ಲೇಖನದ ಆರಂಭದಲ್ಲಿ ಹೇಳಿದ ವಿರೋಧ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ವಿದ್ಯುತ್ಕಾಂತೀಯ ಪ್ರೇರಣೆಯಿಂದ ಹಾಳೆ ಬಿಸಿಯಾಗಿ, ಅದರ ಅಡಿಯ ಪ್ಲಾಸ್ಟಿಕ್ ಪದರ ಕರಗಿ ಬಾಟಲಿಯ ಅಂಚಿಗೆ ಬೆಸೆದುಕೊಳ್ಳುತ್ತದೆ. ಗಟ್ಟಿಯಾಗಿ ಬೆಸೆದ ಹಾಳೆಯನ್ನು ಕಿತ್ತಾಗ ಅಂಚಿನಲ್ಲಿ ಚೂರು ಉಳಿಯುತ್ತದೆ. ತೆರೆದದ್ದಕ್ಕೆ ಅದೇ ಸಾಕ್ಷಿ. ಮರುಬಳಕೆಯಲ್ಲಿ ಅದೇ ಚೂರು ಲೋಹಪತ್ತೆ ಯಂತ್ರಕ್ಕೆ ಸಿಕ್ಕಿದರೆ ಅದರೊಡನೆ ಒಳ್ಳೆಯ ಪ್ಲಾಸ್ಟಿಕ್ಕೂ ಹೊರಬೀಳುತ್ತದೆ, ತಪ್ಪಿಸಿಕೊಂಡರೆ ಕರಗಿದ ಪ್ಲಾಸ್ಟಿಕ್ ಸೋಸುವ ಜರಡಿಯನ್ನು ಕಟ್ಟುತ್ತದೆ. ನಯವಾಗಿ ಪೂರ್ತಿ ಸುಲಿದು ಬರುವ ಹಾಳೆ ಮರುಬಳಕೆಗೆ ಉತ್ತಮ, ಆದರೆ ಅಂಚಿನಲ್ಲಿ ಅದು ಬಿಡುವ ಸಾಕ್ಷಿ ದುರ್ಬಲ. ಔಷಧಕ್ಕೆ ಮೊದಲನೆಯದನ್ನು ನಾನು ಒಪ್ಪುತ್ತೇನೆ. ತಿರುಪು ಮುಚ್ಚಳಕ್ಕೆ ಒಡೆಯುವ ರಿಂಗ್ ಇರುವ ಜ್ಯೂಸಿನ ಬಾಟಲಿಗೆ, ಬಾಳಿಕೆಗಾಗಿ ಅಲ್ಲದೆ ಬರೀ ಭರವಸೆಗಾಗಿ ಮತ್ತೊಂದು ಹಾಳೆ ಸೇರಿಸುವುದನ್ನು ಒಪ್ಪಲಾರೆ.

ಆ ರಿಂಗೇ ನಮ್ಮ ಕಣ್ಣೆದುರಿಗಿರುವ ಒಳ್ಳೆಯ ವಿನ್ಯಾಸ. ಮುಚ್ಚಳದ ಕೆಳಭಾಗವನ್ನು ಸುತ್ತಲೂ ಸೀಳಿ, ನಡುನಡುವೆ ಕೂದಲೆಳೆಯಂಥ ಸೇತುವೆಗಳನ್ನಷ್ಟೇ ಬಿಟ್ಟಿರುತ್ತಾರೆ. ಮುಚ್ಚಳ ತಿರುಗಿಸಿದಾಗ ರಿಂಗಿನ ಒಳಗಿನ ಕೊಕ್ಕೆಗಳು ಕತ್ತಿನ ಏಣಿಗೆ ಸಿಕ್ಕಿಕೊಂಡು ಮೇಲೇರಲು ಬಿಡುವುದಿಲ್ಲ, ಸೇತುವೆಗಳು ಹರಿಯುತ್ತವೆ. ಹರಿದ ಸೇತುವೆಯನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಹೊಸ ವಸ್ತು ಒಂದು ಚೂರೂ ಸೇರಿಲ್ಲ. ಸಾಕ್ಷಿ ಇರುವುದು ಆಕಾರದ ಭಂಗದಲ್ಲಿ. ಕಸ ಬೇರ್ಪಡಿಸುವವರಿಗೆ ಮುಚ್ಚಳ ತಿರುಚಿ ತೆಗೆಯುವುದು ಸುಲಭ, ಕತ್ತಿನಲ್ಲಿ ಉಳಿದ ರಿಂಗಿಗೆ ಚೂರಿ ಬೇಕು. ಆದರೆ ತೇಲುವ ಪ್ಲಾಸ್ಟಿಕ್ಕಿನ ರಿಂಗಾದರೆ ಆ ಶ್ರಮ ಅನಗತ್ಯ, ತೊಟ್ಟಿಯ ನೀರೇ ಅದನ್ನು ಬೇರ್ಪಡಿಸುತ್ತದೆ. ಗಾಜಿನ ಬಾಟಲಿಯ ಅಲ್ಯೂಮಿನಿಯಂ ರಿಂಗಿಗೆ ಈ ಅನುಕೂಲವಿಲ್ಲ. ಬಾಟಲಿ ತೊಳೆದು ಮತ್ತೆ ತುಂಬಿಸಬೇಕಾದರೆ ಅದನ್ನು ಕತ್ತರಿಸಿಯೇ ತೆಗೆಯಬೇಕು.

ಯುರೋಪ್ ಒಕ್ಕೂಟದ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನ ಈ ರಿಂಗಿಗೆ ಇನ್ನೊಂದು ಕೆಲಸ ಕೊಟ್ಟಿತು. ಮೂರು ಲೀಟರ್‌ವರೆಗಿನ ಪಾನೀಯ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ತೆರೆದ ಮೇಲೂ ಬಾಟಲಿಗೆ ಅಂಟಿಕೊಂಡಿರಬೇಕೆಂಬ ನಿಯಮ 2024ರ ಜುಲೈ 3ರಿಂದ ಜಾರಿಗೆ ಬಂತು. ಉದ್ದೇಶ ಕಡಲತೀರದ ಕಸ ತಡೆಯುವುದು. ಜೊತೆಗೆ ಮುಚ್ಚಳವೂ ಬಾಟಲಿಯೊಂದಿಗೆ ಮರುಬಳಕೆಗೆ ಬಂದು ಸೇರುವಂತಾಯಿತು. ವಿನ್ಯಾಸಕಾರರಿಗೆ ಇದು ಕಠಿಣ ಲೆಕ್ಕ: ಕೆಲವು ಸೇತುವೆ ಹರಿಯಬೇಕು, ಕೆಲವು ಪಟ್ಟಿ ಎಷ್ಟು ಸಲ ತೆರೆದರೂ ಹರಿಯಬಾರದು, ಮುಚ್ಚಳ ಕಳಚದಿದ್ದರೂ ತೆರೆದದ್ದು ದೂರದಿಂದಲೇ ಕಾಣಬೇಕು. ಹೀಗಾಗಿ ಹರಿಯುವ ಸೇತುವೆಗಳನ್ನು ಹಿಂಜಿನ ಎದುರು ಬದಿಯಲ್ಲಿ, ಗ್ರಾಹಕರ ಕಣ್ಣು ಮೊದಲು ಬೀಳುವ ಕಡೆ, ಅಂತರ ಎದ್ದು ಕಾಣುವಂತೆ ಇಡುವುದು ಸರಿಯಾದ ಕ್ರಮವೆಂದು ತೋರುತ್ತದೆ.

ಭಾರತದಲ್ಲಿ ಈ ಚರ್ಚೆಗೆ ಈಗ ಆರ್ಥಿಕ ತುರ್ತೂ ಇದೆ. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಕುರಿತ 2022ರ ಫೆಬ್ರವರಿಯ ಮಾರ್ಗಸೂಚಿ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ ಮರುಬಳಕೆಯ ಪಾಲು 2025–26ರಲ್ಲಿ ಶೇ 30ರಿಂದ ಆರಂಭವಾಗಿ 2028–29ಕ್ಕೆ ಶೇ 60 ಮುಟ್ಟಬೇಕೆಂದು ನಿಗದಿಪಡಿಸಿತು. ಬಾಟಲಿಯಿಂದ ಮತ್ತೆ ಬಾಟಲಿಯನ್ನೇ ಮಾಡಬೇಕೆಂದರೆ ಹಳದಿಗಟ್ಟಿದ, ಚುಕ್ಕೆ ಬಿದ್ದ ಪೆಟ್ ಪ್ರಯೋಜನಕ್ಕೆ ಬಾರದು. ಆದರೆ ಈ ಹೊಣೆಯ ಲೆಕ್ಕ ನಡೆಯುವುದು ತೂಕದಲ್ಲಿ. ಕತ್ತಿನ ಪಟ್ಟಿಯ ತೂಕ ಬಾಟಲಿಯ ಮುಂದೆ ಅತ್ಯಲ್ಪ. ಅದು ಕೆಡಿಸುವ ಪೆಟ್‌ನ ಪ್ರಮಾಣ ಅದರ ತೂಕದ ಎಷ್ಟೋ ಪಾಲು ಹೆಚ್ಚು. ಯುರೋಪ್ ಒಕ್ಕೂಟದ 2025/40 ಸಂಖ್ಯೆಯ ನಿಯಮಾವಳಿ ಮರುಬಳಕೆಗೆ ಎಷ್ಟು ಯೋಗ್ಯ ಎಂಬ ಶ್ರೇಣಿಗೆ ತಕ್ಕಂತೆ ಉತ್ಪಾದಕರ ಶುಲ್ಕ ಬದಲಾಗುವ ದಾರಿ ಹಿಡಿದಿದೆ. ನಮ್ಮಲ್ಲೂ ಸೀಲನ್ನು ಬಾಟಲಿಯ ಭಾಗವೆಂದೇ ಎಣಿಸಿ, ಮುಳುಗುವ ಪಟ್ಟಿ ಮತ್ತು ಲೋಹದ ಹಾಳೆ ಬಳಸುವವರಿಗೆ ತೂಕ ಎಷ್ಟೇ ಕಡಿಮೆಯಿದ್ದರೂ ಹೆಚ್ಚಿನ ದರ ವಿಧಿಸಬೇಕು. ಹೊಸ ಮುಚ್ಚಳಕ್ಕೆ ಒಪ್ಪಿಗೆ ಕೊಡುವ ಮುನ್ನ, ಅದು ಒಡೆದದ್ದು ಕಾಣುತ್ತದೆಯೇ ಎಂಬ ಪರೀಕ್ಷೆಯ ಜೊತೆಗೇ ಅದರ ಚೂರು ತೊಟ್ಟಿಯಲ್ಲಿ ತೇಲುತ್ತದೆಯೇ ಎಂಬ ಪರೀಕ್ಷೆಯನ್ನೂ ಕಡ್ಡಾಯ ಮಾಡಬೇಕು.