ಕಂಡವರೂ ಕೇಳಿದವರೂ: ೧೯೬೦ರ ಅಮೆರಿಕಾ ಅಧ್ಯಕ್ಷ ಚುನಾವಣೆಯ ಚರ್ಚೆಯೂ ಮತದಾರರ ತೀರ್ಪೂ

ಭಾರತೀಯ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಂಗಡಿಸಿರುವರು. ಒಂದೇ ವಸ್ತುವು ಕಣ್ಣಿಗೆ ಗೋಚರವಾದಾಗ ಒಂದು ರೀತಿಯಾಗಿಯೂ, ಕಿವಿಗೆ ಮಾತ್ರ ಬಿದ್ದಾಗ ಮತ್ತೊಂದು ರೀತಿಯಾಗಿಯೂ ಪರಿಣಮಿಸುವುದೆಂಬುದು ಸಹೃದಯರ ಅನುಭವ. ರಾಜಕಾರಣದಲ್ಲಿಯೂ ಈ ಭೇದವು ನಿರ್ಣಾಯಕವಾಯಿತೆಂದು ಹೇಳುವ ಒಂದು ಕಥೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇತಿಹಾಸದಲ್ಲಿ ಬಹುಪ್ರಸಿದ್ಧವಾಗಿದೆ. ೧೯೬೦ನೆಯ ಇಸವಿಯ ಸೆಪ್ಟೆಂಬರ್ ೨೬ರಂದು ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾಗಿದ್ದ ಜಾನ್ ಎಫ್. ಕೆನೆಡಿ, ರಿಚರ್ಡ್ ನಿಕ್ಸನ್ ಇಬ್ಬರೂ ಎದುರೆದುರಾಗಿ ನಡೆಸಿದ ಚರ್ಚೆಯನ್ನು ಟೆಲಿವಿಷನ್ನಿನಲ್ಲಿ ಕಂಡವರು ಕೆನೆಡಿ ಗೆದ್ದನೆಂದೂ, ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದನೆಂದೂ ತೀರ್ಪುಕೊಟ್ಟರೆಂಬುದೇ ಆ ಕಥೆ. ಪಾಠಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇದು ಸಿದ್ಧಸತ್ಯವೆಂಬಂತೆ ಪುನಃ ಪುನಃ ಉಕ್ತವಾಗಿದೆ. ಇದಕ್ಕೆ ಆಧಾರವೆಷ್ಟು, ಐತಿಹ್ಯವೆಷ್ಟು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧

ಮೊದಲು ನಡೆದ ಸಂಗತಿಯನ್ನು ತಿಳಿಯಬೇಕು. ೧೯೩೪ರ ಸಂಪರ್ಕ ಶಾಸನದ ೩೧೫ನೆಯ ವಿಧಿಯಂತೆ ಪ್ರಸಾರ ಸಂಸ್ಥೆಗಳು ಒಬ್ಬ ಅಭ್ಯರ್ಥಿಗೆ ಅವಕಾಶ ಕೊಟ್ಟರೆ ಅದೇ ಪದವಿಗೆ ನಿಂತ ಉಳಿದೆಲ್ಲರಿಗೂ ಸಮಾನವಾದ ಅವಕಾಶವನ್ನು ಕೊಡಬೇಕಾಗಿತ್ತು. ಸಣ್ಣಪುಟ್ಟ ಪಕ್ಷಗಳ ಅಭ್ಯರ್ಥಿಗಳೂ ಅನೇಕರಿದ್ದುದರಿಂದ ಇಬ್ಬರ ಚರ್ಚೆಯನ್ನು ಏರ್ಪಡಿಸುವುದು ಅಸಾಧ್ಯಪ್ರಾಯವಾಗಿತ್ತು. ೧೯೬೦ರಲ್ಲಿ ಕಾಂಗ್ರೆಸ್ ಸಭೆಯು ಆ ಚುನಾವಣೆಯ ಮಟ್ಟಿಗೆ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಪದವಿಗಳ ಅಭ್ಯರ್ಥಿಗಳ ವಿಷಯದಲ್ಲಿ ಈ ನಿಯಮವನ್ನು ಅಮಾನತಿನಲ್ಲಿಟ್ಟಿತು. ಅದರ ಫಲವಾಗಿ ಸೆಪ್ಟೆಂಬರ್ ೨೬, ಅಕ್ಟೋಬರ್ ೭, ೧೩ ಮತ್ತು ೨೧ ಈ ದಿನಗಳಲ್ಲಿ ನಾಲ್ಕು ಚರ್ಚೆಗಳು ನಡೆದುವು. ಮೊದಲನೆಯದು ಷಿಕಾಗೋ ನಗರದಲ್ಲಿ, ಹೊವರ್ಡ್ ಕೆ. ಸ್ಮಿತ್ ಎಂಬ ಪತ್ರಕರ್ತನ ಅಧ್ಯಕ್ಷತೆಯಲ್ಲಿ, ದೇಶದ ಒಳಾಡಳಿತದ ವಿಷಯಗಳನ್ನು ಕುರಿತು ಒಂದು ಗಂಟೆಯ ಕಾಲ ನಡೆಯಿತು. ಸುಮಾರು ೭ ಕೋಟಿ ಜನರು ಅದನ್ನು ನೋಡಿದರೆಂದು ಅಂದಾಜು. ಆ ವೇಳೆಗೆ ಅಲ್ಲಿನ ಹತ್ತು ಮನೆಗಳಲ್ಲಿ ಹೆಚ್ಚುಕಡಮೆ ಒಂಬತ್ತರಲ್ಲಿ ಟೆಲಿವಿಷನ್ ಇದ್ದಿತು.

ನಿಕ್ಸನ್ ಎಂಟು ವರ್ಷಗಳಿಂದ ಉಪಾಧ್ಯಕ್ಷನಾಗಿದ್ದವನು. ವಾದದಲ್ಲಿ ಚತುರನೆಂದು ಹೆಸರಾದವನು. ಕೆನೆಡಿ ಅವನಿಗಿಂತ ನಾಲ್ಕು ವರ್ಷ ಕಿರಿಯ. ರೋಮನ್ ಕ್ಯಾಥೊಲಿಕ್ ಮತದವನು. ಅನುಭವ ಸಾಲದವನೆಂದು ಎದುರಾಳಿಗಳು ಹೇಳುತ್ತಿದ್ದರು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು, ಸೆಪ್ಟೆಂಬರ್ ಮೊದಲ ಭಾಗದಲ್ಲಿ ಹೊರಬಂದಿದ್ದನು. ಮೈ ಇಳಿದಿತ್ತು, ಬಣ್ಣ ಬಾಡಿತ್ತು, ಅವನು ತೊಟ್ಟ ಬೂದುಬಣ್ಣದ ಉಡುಪು ಹಿಂದಿನ ಗೋಡೆಯ ಬಣ್ಣದೊಡನೆ ಬೆರೆತುಹೋಗುವಂತಿತ್ತು, ದೀಪಗಳ ಕಾವಿಗೆ ಮುಖದಲ್ಲಿ ಬೆವರು ಒಸರಿತು. ಕೆನೆಡಿಯು ಕಡುಬಣ್ಣದ ಉಡುಪಿನಲ್ಲಿ ಆರೋಗ್ಯದಿಂದ ಕೂಡಿದವನಾಗಿ ಕಂಡನು. ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ರೇಡಿಯೋ ಕೇಳಿದವರಿಗೆ ದೊರೆತುದು ವಾಚಿಕವೊಂದೇ. ಕಂಡವರಿಗೆ ಆಂಗಿಕ, ಆಹಾರ್ಯ, ಸಾತ್ತ್ವಿಕಗಳೂ ಕೂಡಿ ದೊರೆತುವು. ಸ್ವೇದವೂ ವೈವರ್ಣ್ಯವೂ ಎಂಟು ಸಾತ್ತ್ವಿಕ ಭಾವಗಳಲ್ಲಿ ಎಣಿಸಲ್ಪಟ್ಟಿರುವುದನ್ನು ನೆನೆದರೆ, ಆ ರಾತ್ರಿ ನಿಕ್ಸನ್ನನ ಮುಖವನ್ನು ಕಂಡವರು ಅದನ್ನು ಅಂಜಿಕೆಯ ಗುರುತೆಂದು ಓದಿಕೊಂಡರೆಂಬ ಊಹೆ ಸಹಜವಾಗಿಯೇ ಇದೆ. ಕಥೆಯು ನಂಬುವಂತಿರುವುದಕ್ಕೆ ಇದೇ ಕಾರಣ. ಆದರೆ ನಂಬುವಂತಿರುವುದೆಲ್ಲವೂ ನಡೆದುದಾಗಬೇಕೆಂಬ ನಿಯಮವಿಲ್ಲ.

೨

ಕಥೆಯ ಬೆಳವಣಿಗೆಯನ್ನು ಪರಿಶೀಲಿಸಿದರೆ, ಪ್ರಾಚೀನ ಗ್ರಂಥಗಳ ಪಾಠಾಂತರಗಳನ್ನು ಹೋಲಿಸಿ ನೋಡುವವರಿಗೆ ಪರಿಚಿತವಾದ ಸಂಗತಿಯೊಂದು ಇಲ್ಲಿಯೂ ಕಂಡುಬರುತ್ತದೆ. ೧೯೬೧ರಲ್ಲಿ ಥಿಯೊಡೋರ್ ವೈಟ್ ಎಂಬ ಪತ್ರಕರ್ತನು ಈ ಚುನಾವಣೆಯ ವೃತ್ತಾಂತವನ್ನು ಪ್ರಸಿದ್ಧವಾದ ಗ್ರಂಥವೊಂದರಲ್ಲಿ ಬರೆದನು. ರೇಡಿಯೋ ಕೇಳಿದವರಿಗೆ ಇಬ್ಬರೂ ಹೆಚ್ಚುಕಡಮೆ ಸಮಾನರಾಗಿ ತೋರಿದರೆಂದೂ, ಟೆಲಿವಿಷನ್ ಕಂಡವರ ಪಾಲಿಗೆ ನಿಕ್ಸನ್ ಬಹಳ ಹಿಂದೆಬಿದ್ದನೆಂದೂ ಅವನು ಅದರಲ್ಲಿ ಹೇಳಿರುವನು. 'ಸಮಾನರು' ಎಂಬ ಮಾತು ಮುಂದಿನವರ ಬರಹಗಳಲ್ಲಿ 'ನಿಕ್ಸನ್ ಗೆದ್ದನು' ಎಂದಾಯಿತು. ನಡುವೆ ಕೆಲವು ಪತ್ರಕರ್ತರು, ರೇಡಿಯೋದಲ್ಲಿ ಕೇಳಿದ ತಮ್ಮ ಪರಿಚಿತರು ನಿಕ್ಸನ್ನನೇ ಮೇಲೆಂದರೆಂದು ಸೇರಿಸಿದರು. ಇವು ಸಾಕ್ಷ್ಯಗಳೇ ಆದರೂ, ಒಂದೊಂದು ಕೋಣೆಯಲ್ಲಿ ಕುಳಿತಿದ್ದ ಕೆಲವರ ಅಭಿಪ್ರಾಯಗಳೇ ಹೊರತು ಒಂದು ರಾಷ್ಟ್ರದ ಮತದಾರರ ತೀರ್ಪಲ್ಲ.

ಅಂಕಿಗಳಿಂದ ಕೂಡಿದ ಆಧಾರವೆಂದು ಸಾಮಾನ್ಯವಾಗಿ ತೋರಿಸಲ್ಪಡುವುದು ಸಿಂಡ್ಲಿಂಗರ್ ಎಂಬ ಸಂಸ್ಥೆಯ ಗಣನೆ. ಅದರಂತೆ ರೇಡಿಯೋ ಕೇಳಿದವರಲ್ಲಿ ನಿಕ್ಸನ್ ಗೆದ್ದನೆಂದವರು ಶೇಕಡ ೪೮.೭, ಕೆನೆಡಿಯೆಂದವರು ಶೇಕಡ ೨೧. ಟೆಲಿವಿಷನ್ ಕಂಡವರಲ್ಲಿ ಕೆನೆಡಿಗೆ ಶೇಕಡ ೩೦.೨, ನಿಕ್ಸನ್ನನಿಗೆ ಶೇಕಡ ೨೮.೬. ಈ ಸಂಖ್ಯೆಗಳನ್ನು ನೋಡಿದೊಡನೆ ಒಂದು ಸಂಗತಿ ಹೊಳೆಯಬೇಕು: ಕಂಡವರ ನಡುವೆ ಕೆನೆಡಿಗೆ ದೊರೆತ ಮೇಲುಗೈ ಅತ್ಯಲ್ಪ. ಕಣ್ಣೇ ನಿಕ್ಸನ್ನನನ್ನು ಸೋಲಿಸಿತೆಂಬ ಕಥೆಗೆ ಇದರಿಂದ ಬಲ ಬರುವುದಿಲ್ಲ.

೧೯೮೭ರಲ್ಲಿ ಡೇವಿಡ್ ವ್ಯಾನ್ಸಿಲ್, ಸ್ಯೂ ಪೆಂಡೆಲ್ ಎಂಬ ಇಬ್ಬರು ವಿದ್ವಾಂಸರು ಈ ಗಣನೆಯನ್ನು ಮೂಲದಿಂದ ಪರೀಕ್ಷಿಸಿದರು. ಗಣನೆಗೆ ಒಳಪಟ್ಟವರು ಎರಡು ಸಾವಿರಕ್ಕೂ ಮೇಲಾದರೂ, ಅವರಲ್ಲಿ ರೇಡಿಯೋ ಕೇಳಿದವರು ಮುನ್ನೂರಕ್ಕಿಂತ ಕಡಮೆ. ಅವರು ಎಲ್ಲಿಯವರು, ಯಾವ ಪಕ್ಷದವರು, ಯಾವ ಮತದವರು, ಚರ್ಚೆಗೆ ಮುನ್ನ ಅವರ ಒಲವು ಯಾರ ಕಡೆಗಿತ್ತು ಎಂಬುದು ಅದರಿಂದ ತಿಳಿಯಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಟೆಲಿವಿಷನ್ ಇದ್ದ ಕಾಲದಲ್ಲಿ ರೇಡಿಯೋವನ್ನೇ ಕೇಳಿದವರು ಸಾಮಾನ್ಯ ಮತದಾರರ ಪ್ರತಿನಿಧಿಗಳಾಗಿರಲಾರರು. ದೂರದ ಹಳ್ಳಿಗಾಡಿನ ಪ್ರಾಟೆಸ್ಟೆಂಟ್ ಮತದವರು ಅವರಲ್ಲಿ ಹೆಚ್ಚಾಗಿದ್ದಿರಬಹುದು. ಕ್ಯಾಥೊಲಿಕ್ ಅಭ್ಯರ್ಥಿಯನ್ನು ಅವರು ಮೊದಲೇ ಒಪ್ಪದೆ ಇದ್ದಿರಬಹುದು. ಹಾಗಾದರೆ ಭೇದವಿದ್ದುದು ಕಣ್ಣು ಕಿವಿಗಳಲ್ಲಲ್ಲ, ಕೇಳಿದವರ ಮನಸ್ಸಿನಲ್ಲಿ ಎಂದಾಗುತ್ತದೆ. ಇದೂ ಊಹೆಯೇ, ಆದರೆ ಈ ಊಹೆಯನ್ನು ತಳ್ಳಿಹಾಕುವಂಥದು ಆ ಗಣನೆಯಲ್ಲಿ ಏನೂ ಇಲ್ಲದಿರುವುದೇ ಮುಖ್ಯವಾದ ಮಾತು.

ಆ ವಿದ್ವಾಂಸರು ಎತ್ತಿದ ಮತ್ತೊಂದು ಆಕ್ಷೇಪವೂ ಗಮನಾರ್ಹವಾಗಿದೆ. ಕಂಡವರ ತೀರ್ಪು ಬೇರೆಯಾಗಿತ್ತೆಂದು ಒಪ್ಪಿದರೂ, ಅದಕ್ಕೆ ನಿಕ್ಸನ್ನನ ಮುಖಚರ್ಯೆಯೇ ಕಾರಣವೆಂದು ಹೇಗೆ ಸಿದ್ಧವಾಗುವುದು? ಬೆವರು ಅಂಜಿಕೆಯಿಂದಲೂ ಬರುತ್ತದೆ, ಕಾವಿನಿಂದಲೂ ಬರುತ್ತದೆ. ಬಳಲಿದ ಮುಖವು ಕೆಲವರಲ್ಲಿ ತಾತ್ಸಾರವನ್ನೂ ಕೆಲವರಲ್ಲಿ ಮರುಕವನ್ನೂ ಹುಟ್ಟಿಸಬಹುದು. ಅನುಭಾವವು ಯಾವ ಸ್ಥಾಯಿಯನ್ನು ಸೂಚಿಸುವುದೆಂಬುದು ಸಂದರ್ಭವನ್ನು ಅವಲಂಬಿಸಿರುವುದೆಂಬ ರಸಶಾಸ್ತ್ರದ ನಿಯಮವು ಇಲ್ಲಿಯೂ ಸಲ್ಲುತ್ತದೆ. ಇದಲ್ಲದೆ ನಿಕ್ಸನ್ನನಿಗೆ ಮಾತಿನಿಂದಲೂ ಹಾನಿಯಾಗಿರಬಹುದು. ಅಧ್ಯಕ್ಷ ಐಸೆನ್‌ಹೋವರನು ಆಗಸ್ಟ್ ತಿಂಗಳಲ್ಲಿ, ಉಪಾಧ್ಯಕ್ಷನು ಕೊಟ್ಟ ಮುಖ್ಯವಾದ ಸಲಹೆಯೊಂದನ್ನು ಹೇಳಬೇಕೆಂದು ಪತ್ರಕರ್ತರು ಕೇಳಿದಾಗ, ನೆನಪು ಮಾಡಿಕೊಳ್ಳಲು ಒಂದು ವಾರ ಬೇಕಾದೀತೆಂಬರ್ಥದ ಉತ್ತರವನ್ನಿತ್ತಿದ್ದನು. ಷಿಕಾಗೋ ಚರ್ಚೆಯಲ್ಲಿ ಈ ಪ್ರಸಂಗವನ್ನೇ ಎತ್ತಿ ನಿಕ್ಸನ್ನನನ್ನು ಪ್ರಶ್ನಿಸಲಾಯಿತು. ಕೆನೆಡಿಯ ಉದ್ದೇಶಗಳನ್ನು ತಾನೂ ಒಪ್ಪುವೆನೆಂದೂ, ಮಾರ್ಗದಲ್ಲಿ ಮಾತ್ರ ಭೇದವೆಂದೂ ಅವನು ಹೇಳಿದುದು ಅವನ ಪಕ್ಷದ ಕೆಲವರಿಗೆ ರುಚಿಸಲಿಲ್ಲ. ಇವೆಲ್ಲವೂ ಕಿವಿಗೂ ಬಿದ್ದ ಸಂಗತಿಗಳೇ.

೩

ಹಾಗಾದರೆ ಮತದಾರರ ನಿಜವಾದ ಪ್ರತಿಕ್ರಿಯೆ ಏನಾಗಿತ್ತು? ಸಿಡ್ನಿ ಕ್ರಾಸ್ ಸಂಪಾದಿಸಿದ ೧೯೬೨ರ ಗ್ರಂಥದಲ್ಲಿ ಎಲಿಹು ಕಾಟ್ಸ್, ಜಾಕಬ್ ಫೆಲ್ಡ್‌ಮನ್ ಇಬ್ಬರೂ ಅದುವರೆಗೆ ನಡೆದಿದ್ದ ೩೧ ಅಧ್ಯಯನಗಳನ್ನು ಕ್ರೋಡೀಕರಿಸಿರುವರು. ಮೊದಲನೆಯ ಚರ್ಚೆಯಲ್ಲಿ ಕೆನೆಡಿಯೇ ಮೇಲೆಂಬುದು ಬಹುಮಂದಿಯ ಅಭಿಪ್ರಾಯವಾಗಿತ್ತು. ಮೂರನೆಯದರಲ್ಲಿ ನಿಕ್ಸನ್ನನಿಗೆ ಮೆಚ್ಚುಗೆ ದೊರೆಯಿತು. ಆದರೆ ಪಕ್ಷದ ಅಭಿಮಾನವುಳ್ಳವರು ಪ್ರಾಯಶಃ ತಮ್ಮವನೇ ಗೆದ್ದನೆಂದು ಕಂಡುಕೊಂಡರು. ಒಪ್ಪದೆ ಇದ್ದವರೂ 'ಸಮ' ಎಂದು ಸುಮ್ಮನಾದರು. ಎದುರು ಪಕ್ಷಕ್ಕೆ ದಾಟಿದವರು ವಿರಳ. ಕೆನೆಡಿಗೆ ಲಾಭವಾದುದು ಮುಖ್ಯವಾಗಿ, ಅವನ ಪಕ್ಷದವರಾಗಿದ್ದೂ ಅವನ ವಯಸ್ಸನ್ನೋ ಮತವನ್ನೋ ನೆನೆದು ಹಿಂಜರಿಯುತ್ತಿದ್ದ ಡೆಮಾಕ್ರಟಿಕ್ ಮತದಾರರಿಂದ. ಅವರು ಆ ರಾತ್ರಿ ಉಪಾಧ್ಯಕ್ಷನೊಡನೆ ಸರಿಸಮನಾಗಿ ನಿಂತ ಯುವಕನನ್ನು ಕಂಡರು. ಅವರ ಹಿಂಜರಿಕೆ ಸಡಿಲಿತು. ಕುರ್ಟ್ ಲ್ಯಾಂಗ್, ಗ್ಲ್ಯಾಡಿಸ್ ಲ್ಯಾಂಗ್ ದಂಪತಿಗಳು ನ್ಯೂಯಾರ್ಕಿನ ಮತದಾರರನ್ನು ಕುರಿತು ನಡೆಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ನಿಕ್ಸನ್ನನು ಕೆಳಗಿಳಿದನೆಂಬುದಕ್ಕಿಂತ, ನಿರೀಕ್ಷೆ ಕಡಮೆಯಿದ್ದ ಕೆನೆಡಿ ಮೇಲೇರಿದನೆಂಬುದೇ ವಾಸ್ತವಕ್ಕೆ ಹತ್ತಿರ.

ಗ್ಯಾಲಪ್ ಗಣನೆಯಲ್ಲಿ ಚರ್ಚೆಗೆ ಮುನ್ನ ನಿಕ್ಸನ್ ಶೇಕಡ ೪೭, ಕೆನೆಡಿ ೪೬. ಮೊದಲ ಚರ್ಚೆಯ ತರುವಾಯ ಕೆನೆಡಿ ೪೯, ನಿಕ್ಸನ್ ೪೬. ಈ ವ್ಯತ್ಯಾಸವು ಮಾದರಿ ಗಣನೆಗಳಲ್ಲಿ ಸಹಜವಾದ ಏರುಪೇರಿಗಿಂತ ಬಹಳ ದೊಡ್ಡದಲ್ಲ. ಇನ್ನೊಂದು ಕಡೆ, ಎಲ್ಮೊ ರೋಪರನ ಗಣನೆಯಲ್ಲಿ ಶೇಕಡ ೬ ಮಂದಿ, ಅಂದರೆ ಸುಮಾರು ೪೦ ಲಕ್ಷ ಮತದಾರರು, ಚರ್ಚೆಗಳೊಂದರಿಂದಲೇ ತಾವು ನಿರ್ಧರಿಸಿದೆವೆಂದು ಹೇಳಿದರು. ಅವರಲ್ಲಿ ಶೇಕಡ ೭೨ ಕೆನೆಡಿಯ ಕಡೆ, ೨೬ ನಿಕ್ಸನ್ನನ ಕಡೆ. ಚಲಾವಣೆಯಾದ ೬ ಕೋಟಿ ೮೦ ಲಕ್ಷಕ್ಕೂ ಮೇಲ್ಪಟ್ಟ ಮತಗಳಲ್ಲಿ ಇಬ್ಬರ ಅಂತರ ೧ ಲಕ್ಷ ೨೦ ಸಾವಿರವನ್ನೂ ಮುಟ್ಟಲಿಲ್ಲವಾದುದರಿಂದ, ಚರ್ಚೆಯೇ ಅಧ್ಯಕ್ಷನನ್ನು ಮಾಡಿತೆಂಬ ಸಿದ್ಧಾಂತಕ್ಕೆ ಈ ಲೆಕ್ಕವು ಬೆನ್ನೆಲುಬಾಯಿತು. ಆದರೆ ಇಷ್ಟು ಕಿರಿದಾದ ಅಂತರದಲ್ಲಿ ಯಾವ ಕಾರಣವನ್ನು ಹಿಡಿದರೂ ಅದೇ ನಿರ್ಣಾಯಕವೆಂದು ತೋರೀತು. ಮನುಷ್ಯನು ತನ್ನ ನಿರ್ಧಾರಕ್ಕೆ ತಾನೇ ಹೇಳುವ ಕಾರಣವು ಯಾವಾಗಲೂ ನಿಜವಾದ ಕಾರಣವಾಗಿರಬೇಕೆಂದೂ ಇಲ್ಲ.

ಹೀಗೆಂದ ಮಾತ್ರಕ್ಕೆ ಕಣ್ಣಿಗೆ ಪ್ರಭಾವವೇ ಇಲ್ಲವೆಂದು ಹೇಳಿದಂತಾಗಲಿಲ್ಲ. ಜೇಮ್ಸ್ ಡ್ರಕ್‌ಮನ್ ಎಂಬ ವಿದ್ವಾಂಸನು ಅದೇ ಚರ್ಚೆಯನ್ನು ೧೭೧ ಮಂದಿಗೆ ಪರಿಚಯಿಸಿ, ಕೆಲವರಿಗೆ ಧ್ವನಿಯನ್ನು ಮಾತ್ರ ಕೇಳಿಸಿ, ಕೆಲವರಿಗೆ ದೃಶ್ಯವನ್ನು ತೋರಿಸಿ, ಫಲಿತಾಂಶವನ್ನು ೨೦೦೩ರಲ್ಲಿ ಪ್ರಕಟಿಸಿದನು. ಕಂಡವರು ಕೇಳಿದವರಿಗಿಂತ ಹೆಚ್ಚಾಗಿ ಕೆನೆಡಿಯನ್ನು ಮೆಚ್ಚಿದರು. ವ್ಯಕ್ತಿಯ ಗುಣವನ್ನು ಕುರಿತ ಭಾವನೆಗೆ ಹೆಚ್ಚು ಬೆಲೆಯಿತ್ತರು. ಆದುದರಿಂದ ಭೇದವು ಸಂಭವನೀಯವೆಂಬುದು ಸಿದ್ಧ. ಆದರೆ ೧೯೬೦ರಲ್ಲಿ ಮತದಾರರ ನಡುವೆ ಅಂಥ ಭೇದ ಉಂಟಾಗಿತ್ತೆಂಬುದಕ್ಕೆ ಈ ಪ್ರಯೋಗ ಸಾಕ್ಷಿಯಾಗಲಾರದು. ಸಂಭವವು ಬೇರೆ, ಇತಿಹಾಸವು ಬೇರೆ.

೪

ಮುಂದಿನ ಚರ್ಚೆಗಳು ಈ ವಿಚಾರಕ್ಕೆ ಮತ್ತಷ್ಟು ಬೆಳಕನ್ನು ಬೀರುತ್ತವೆ. ೧೯೭೬ರ ಅಕ್ಟೋಬರ್ ೬ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಧ್ಯಕ್ಷ ಫೋರ್ಡನು, ಪೂರ್ವ ಯೂರೋಪಿನಲ್ಲಿ ಸೋವಿಯೆಟ್ ಪ್ರಾಬಲ್ಯವಿಲ್ಲವೆಂಬರ್ಥದ ಮಾತನ್ನಾಡಿದನು. ಆ ರಾತ್ರಿಯೇ ಪ್ರಶ್ನಿಸಲ್ಪಟ್ಟವರಲ್ಲಿ ಫೋರ್ಡನೇ ಗೆದ್ದನೆಂದವರು ಹೆಚ್ಚು. ಮರುದಿನ ಪತ್ರಿಕೆಗಳೂ ವಾರ್ತಾಪ್ರಸಾರಗಳೂ ಆ ತಪ್ಪನ್ನು ಎತ್ತಿ ಆಡಿದ ಮೇಲೆ ಪ್ರಶ್ನಿಸಲ್ಪಟ್ಟವರಲ್ಲಿ ಕಾರ್ಟರನೇ ಗೆದ್ದನೆಂಬ ಮಾತು ಪ್ರಬಲವಾಯಿತು. ಕಣ್ಣೂ ಕಿವಿಯೂ ಎರಡೂ ತೆರೆದಿದ್ದ ಪ್ರೇಕ್ಷಕನೇ ಒಂದು ಹಗಲಿನೊಳಗೆ ತೀರ್ಪನ್ನು ಬದಲಿಸಿದನು. ಅವನನ್ನು ಬದಲಿಸಿದುದು ದೃಶ್ಯವೂ ಅಲ್ಲ, ಶ್ರವ್ಯವೂ ಅಲ್ಲ, ವ್ಯಾಖ್ಯಾನ.

ಗೆಲುವೆಂಬ ತೀರ್ಪಿಗೂ ಮತಕ್ಕೂ ಇರುವ ಅಂತರಕ್ಕೆ ೨೦೨೪ರ ಚುನಾವಣೆ ಎರಡು ನಿದರ್ಶನಗಳನ್ನು ಒದಗಿಸಿದೆ. ಜೂನ್ ೨೭ರಂದು ಅಟ್ಲಾಂಟಾದಲ್ಲಿ ನಡೆದ ಚರ್ಚೆಯಲ್ಲಿ ಅಧ್ಯಕ್ಷ ಬೈಡನ್ನನು ತಡವರಿಸಿದುದು ಅವನ ಪಕ್ಷದಲ್ಲಿ ಕಳವಳವನ್ನು ಹುಟ್ಟಿಸಿ, ಜುಲೈ ೨೧ರಂದು ಅವನು ಕಣದಿಂದ ಹಿಂದೆಗೆದನು. ಸೆಪ್ಟೆಂಬರ್ ೧೦ರಂದು ಫಿಲಡೆಲ್ಫಿಯದಲ್ಲಿ ನಡೆದ ಚರ್ಚೆಯಲ್ಲಿ ಕಮಲಾ ಹ್ಯಾರಿಸಳೇ ಮೇಲೆಂದು ನೋಡಿದವರಲ್ಲಿ ಹೆಚ್ಚಿನವರು ಹೇಳಿದರೂ, ನವೆಂಬರ್ ೫ರಂದು ಗೆದ್ದವನು ಟ್ರಂಪ್. ಸಭೆಯಲ್ಲಿ ಚೆನ್ನಾಗಿ ಮಾತನಾಡಿದವನನ್ನು ಗುರುತಿಸುವುದು ಒಂದು ಕೆಲಸ. ರಾಜ್ಯವನ್ನು ಯಾರ ಕೈಯಲ್ಲಿಡಬೇಕೆಂದು ನಿಶ್ಚಯಿಸುವುದು ಮತ್ತೊಂದು. ಮತದಾರನು ಎರಡನ್ನೂ ಬೇರೆ ಬೇರೆಯಾಗಿಯೇ ಮಾಡಬಲ್ಲನು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ೧೯೬೦ರಲ್ಲಿ ಕಂಡವರೂ ಕೇಳಿದವರೂ ಪರಸ್ಪರ ವಿರುದ್ಧವಾದ ತೀರ್ಪನ್ನಿತ್ತರೆಂಬ ಮಾತಿಗೆ ಸಾಕಷ್ಟು ಆಧಾರವಿಲ್ಲ, ಆ ಚರ್ಚೆಯು ಕೆನೆಡಿಯ ಪಕ್ಷದವರನ್ನು ಒಗ್ಗೂಡಿಸಿತೆಂಬುದಕ್ಕೆ ಆಧಾರವಿದೆ. ಮೊದಲನೆಯ ಮಾತು ಇಷ್ಟು ಕಾಲ ಬಾಳಿದುದಕ್ಕೆ ಕಾರಣ ಅದರ ಸೊಗಸೇ ಆಗಿರಬೇಕು. ಸೋತವನಿಗೆ ಅದರಲ್ಲಿ ಸಮಾಧಾನವಿತ್ತು; ನಿಕ್ಸನ್ನನೇ ೧೯೬೨ರ ತನ್ನ ಗ್ರಂಥದಲ್ಲಿ, ವಿಷಯಕ್ಕೆ ಹೆಚ್ಚಾಗಿಯೂ ತೋರಿಕೆಗೆ ಕಡಮೆಯಾಗಿಯೂ ಗಮನವಿತ್ತುದು ತನ್ನ ತಪ್ಪೆಂದು ಬರೆದಿರುವನು. ಹೊಸ ಯಂತ್ರಕ್ಕೆ ಅದರಲ್ಲಿ ಕೀರ್ತಿಯಿತ್ತು. ಜನರ ವಿವೇಕವನ್ನು ಶಂಕಿಸುವವರಿಗೆ ನೆವವಿತ್ತು. ಬೆವರಿದ ಮುಖವನ್ನು ಕಂಡು ರಾಜ್ಯವನ್ನು ಬೇರೊಬ್ಬನಿಗೆ ಒಪ್ಪಿಸಿದವರೆಂಬ ಅಪವಾದವು ಆ ಮತದಾರರ ಮೇಲೆ ಆರು ದಶಕಗಳಿಂದ ನಿಂತಿದೆ. ಉಳಿದಿರುವ ಸಾಕ್ಷ್ಯಗಳನ್ನು ತೂಗಿ ನೋಡಿದರೆ, ಆ ಅಪವಾದವನ್ನು ಹೊರಿಸುವುದಕ್ಕೆ ಇತಿಹಾಸಕಾರನಿಗೆ ಅಧಿಕಾರವಿಲ್ಲವೆಂದೇ ಹೇಳಬೇಕಾಗಿದೆ.