ಟಿಕೆಟ್ ಯಾರಿಗಂತೆ?

ಚುನಾವಣೆಗೆ ನಿಂತವನಿಗೆ ಕನ್ನಡದಲ್ಲಿ ಎರಡು ಹೆಸರು. ಒಂದು ಅಭ್ಯರ್ಥಿ, ಇನ್ನೊಂದು ಉಮೇದುವಾರ. ಮೊದಲನೆಯದು ಸಂಸ್ಕೃತದ್ದು, ಬೇಡುವವನು ಎಂದು ಅರ್ಥ. ಎರಡನೆಯದು ಫಾರಸಿಯಿಂದ ಹೊರಟು ಉರ್ದುವಿನ ದಾರಿ ಹಿಡಿದು ನಮ್ಮ ಕಚೇರಿಗಳಿಗೆ ಬಂದದ್ದು. ಉಮೀದ್ ಇಟ್ಟುಕೊಂಡವನು, ಆಸೆ ಹೊತ್ತವನು. ಬೇಡುವುದು ಯಾರನ್ನು, ಆಸೆ ಯಾರ ಮೇಲೆ ಎಂದು ಕೇಳಿದರೆ ಮತದಾರರ ಮೇಲೆ ಎನ್ನುವ ಉತ್ತರ ಸಿಗುತ್ತದೆ. ಅದು ಅರ್ಧ ಸತ್ಯ. ಮತದಾರನ ಮನೆ ಬಾಗಿಲಿಗೆ ಬರುವ ಮೊದಲೇ ಉಮೇದುವಾರ ಬೇರೊಂದು ಬಾಗಿಲಲ್ಲಿ ಕಾದು ಬಂದಿರುತ್ತಾನೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಚಹಾದಂಗಡಿಗಳಲ್ಲಿ ಚುನಾವಣೆಯ ಕಾಲಕ್ಕೆ ಹುಟ್ಟುವ ಮೊದಲ ಪ್ರಶ್ನೆ 'ಟಿಕೀಟು ಯಾರ್ಗಂತೆ?' ಎಂಬುದು. ನಮ್ಮ ಮೊಹಲ್ಲಾಗಳ ದಖನಿಯಲ್ಲಿ ಇದನ್ನೇ 'ಟಿಕೆಟ್ ಕಿಸ್ಕು ದಿಯೇ ಕತೇ?' ಎನ್ನುತ್ತಾರೆ. ಕನ್ನಡದ 'ಅಂತೆ', ದಖನಿಯ 'ಕತೇ' ಎರಡೂ ಒಂದೇ. ಕಣ್ಣಾರೆ ಕಾಣದ್ದನ್ನು, ಯಾರೋ ಹೇಳಿದ್ದನ್ನು ಹೇಳುವಾಗ ಬರುವ ಬಾಲ. ಮಂಡಿಗೆ ಬಂದ ಬೆಲ್ಲದ ಅಚ್ಚನ್ನು ಮುರಿದು, ನಾಲಿಗೆಗೆ ಇಟ್ಟು ನೋಡಿ ಬೆಲೆ ಕೂಗುವ ಊರು ನಮ್ಮದು. ತನ್ನನ್ನು ಆಳುವವನ ಆಯ್ಕೆಯ ವಿಷಯ ಬಂದಾಗ ಮಾತ್ರ ಈ ಊರು 'ಅಂತೆ'ಯ ಆಚೆ ಹೋಗುವುದಿಲ್ಲ. ಏಕೆಂದರೆ ಆ ಆಯ್ಕೆ ನಡೆಯುವುದು ಬೆಂಗಳೂರಿನಲ್ಲಿ, ಇಲ್ಲವೇ ದೆಹಲಿಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ.

ಈ ಕೋಣೆಯ ಬಾಗಿಲನ್ನು ಒಂದಿಷ್ಟು ತೆರೆದಿಟ್ಟ ಪದ್ಧತಿಯನ್ನು ಹತ್ತಿರದಿಂದ ಕಂಡವರೊಬ್ಬರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆಗಿದ್ದರು. ಎಸ್.ಎಂ. ಕೃಷ್ಣ. 1932ರಲ್ಲಿ ಹುಟ್ಟಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ ಕೃಷ್ಣ ಅವರು 1960ರಲ್ಲಿ ಅಮೆರಿಕದಲ್ಲಿ ಕಾನೂನು ವಿದ್ಯಾರ್ಥಿ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರು ಜಾನ್ ಕೆನಡಿಯ ಪರವಾಗಿ ಅಲ್ಲಿನ ಭಾರತೀಯರ ನಡುವೆ ಪ್ರಚಾರ ಮಾಡಿದರು. ಗೆದ್ದ ಮೇಲೆ ಕೆನಡಿ ಅವರಿಗೆ ಕೃತಜ್ಞತೆಯ ಪತ್ರ ಬರೆದದ್ದನ್ನು ನಮ್ಮ ಜಿಲ್ಲೆಯ ಜನ ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಪತ್ರದ ಕತೆ ಎಲ್ಲರಿಗೂ ಗೊತ್ತು. ಕೆನಡಿ ಆ ಕಣಕ್ಕೆ ಹೇಗೆ ಬಂದರು ಎಂಬ ಕತೆ ಅಷ್ಟಾಗಿ ಗೊತ್ತಿಲ್ಲ. ನಮಗೆ ಬೇಕಾದ್ದು ಅದೇ.

ಕೆನಡಿ ಕ್ಯಾಥೊಲಿಕ್. ಆಗ ಅಮೆರಿಕದಲ್ಲಿ ಪ್ರಾಟೆಸ್ಟೆಂಟರು ಬಹುಸಂಖ್ಯಾತರಾಗಿದ್ದರು. 1928ರಲ್ಲಿ ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ ನಾಯಕ ಡೆಮಾಕ್ರಾಟಿಕ್ ಪಕ್ಷದಿಂದ ನಿಂತು ಹೀನಾಯವಾಗಿ ಸೋತಿದ್ದರು. ಅಂದಿನಿಂದ ಪಕ್ಷದ ಹಿರಿಯರ ಬಾಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ಕ್ಯಾಥೊಲಿಕ್ ಒಳ್ಳೆಯವನಿರಬಹುದು, ಬುದ್ಧಿವಂತನಿರಬಹುದು, ಆದರೆ ಗೆಲ್ಲುವುದಿಲ್ಲ. ನಮ್ಮ ಕಡೆ ಇದನ್ನೇ 'ಗೆಲ್ಲೋ ಕುದುರೆ ಅಲ್ಲ' ಎನ್ನುತ್ತಾರೆ. ಈ ಮಾತಿನ ಜಾಣತನ ಗಮನಿಸಿ. ಹೇಳುವವನಿಗೆ ದ್ವೇಷದ ಆರೋಪ ಅಂಟುವುದಿಲ್ಲ. ನಮಗೇನೂ ಇಲ್ಲಪ್ಪ, ಜನ ಒಪ್ಪುವುದಿಲ್ಲ ಎಂದುಬಿಟ್ಟರಾಯಿತು. ಜನರನ್ನು ಕೇಳಿದವರು ಯಾರೂ ಇರುವುದಿಲ್ಲ.

ಕೆನಡಿ ಕೇಳಲು ಹೊರಟರು. ಆಗ ಅಮೆರಿಕದ ಕೆಲವೇ ರಾಜ್ಯಗಳಲ್ಲಿ ಪ್ರೈಮರಿ ಎಂಬ ಪೂರ್ವಭಾವಿ ಚುನಾವಣೆ ಇತ್ತು. ಪಕ್ಷದ ಉಮೇದುವಾರ ಯಾರಾಗಬೇಕೆಂದು ಪಕ್ಷದ ಸಾಮಾನ್ಯ ಮತದಾರರೇ ಚೀಟಿ ಹಾಕಿ ಹೇಳುವ ವ್ಯವಸ್ಥೆ. 1960ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನಲ್ಲಿ ಕೆನಡಿ ಗೆದ್ದಾಗ, ಅಲ್ಲಿ ಕ್ಯಾಥೊಲಿಕರು ಹೆಚ್ಚು, ಅದಕ್ಕೇ ಗೆದ್ದ ಎಂದರು. ಮೇ 10ರಂದು ವೆಸ್ಟ್ ವರ್ಜೀನಿಯಾದ ಸರದಿ. ಕಲ್ಲಿದ್ದಲು ಗಣಿಗಳ ಬಡ ರಾಜ್ಯ, ಕ್ಯಾಥೊಲಿಕರು ಬೆರಳೆಣಿಕೆಯಷ್ಟು. ಎದುರಾಳಿ ಹ್ಯೂಬರ್ಟ್ ಹಂಫ್ರಿ, ಪ್ರಾಟೆಸ್ಟೆಂಟ್, ಬಡವರ ಪರ ದನಿಯೆತ್ತಿ ಹೆಸರಾದವರು. ಕೆನಡಿಗೆ ನೂರಕ್ಕೆ 60ಕ್ಕೂ ಹೆಚ್ಚು ಮತ ಬಿತ್ತು. ಹಂಫ್ರಿ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಜುಲೈನಲ್ಲಿ ಲಾಸ್ ಏಂಜಲಿಸ್‌ನ ಪಕ್ಷದ ಮಹಾಧಿವೇಶನದಲ್ಲಿ ಮೊದಲ ಸುತ್ತಿನಲ್ಲೇ 806 ಪ್ರತಿನಿಧಿಗಳ ಮತ ಕೆನಡಿಗೆ, 409 ಲಿಂಡನ್ ಜಾನ್ಸನ್‌ಗೆ.

ಇದನ್ನು ಪವಾಡವೆಂದು ವರ್ಣಿಸುವವರಿದ್ದಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ಕೆನಡಿಯ ತಂದೆಯ ಹಣ ವೆಸ್ಟ್ ವರ್ಜೀನಿಯಾದಲ್ಲಿ ಧಾರಾಳವಾಗಿ ಹರಿಯಿತು. ಹಂಫ್ರಿ ಬಾಡಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರೆ ಕೆನಡಿಗೆ ಸ್ವಂತ ವಿಮಾನ. ಪ್ರೈಮರಿ ಎಂದರೆ ಹಾಲಿನಲ್ಲಿ ತೊಳೆದದ್ದಲ್ಲ. ಆದರೂ ಒಂದು ಕೆಲಸ ಆಯಿತು. 'ಜನ ಒಪ್ಪುವುದಿಲ್ಲ' ಎನ್ನುತ್ತಿದ್ದವರ ಮುಂದೆ ಜನರ ಲೆಕ್ಕ ಬಂತು. ಮುಂದೆ 1968ರಲ್ಲಿ ಇದೇ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯದೆ ಹಿರಿಯರ ಕೃಪೆಯಿಂದ ಉಮೇದುವಾರರಾದಾಗ ಷಿಕಾಗೊ ಬೀದಿಗಳಲ್ಲಿ ಗಲಭೆಯೆದ್ದಿತು, ಆ ಪಕ್ಷ ತನ್ನ ನಿಯಮಗಳನ್ನೇ ತಿದ್ದಿಕೊಳ್ಳಬೇಕಾಯಿತು. 1972ರಿಂದ ಪ್ರೈಮರಿಗಳೇ ನಿರ್ಣಾಯಕವಾದವು. 2025ರ ಜೂನ್‌ನಲ್ಲಿ ನ್ಯೂಯಾರ್ಕಿನ ಮೇಯರ್ ಹುದ್ದೆಗೆ ಪಕ್ಷದ ಘಟಾನುಘಟಿಗಳು ಮಾಜಿ ಗವರ್ನರ್ ಕ್ಯೂಮೊ ಬೆನ್ನಿಗೆ ನಿಂತಿದ್ದರೂ ಜೊಹ್ರಾನ್ ಮಮ್ದಾನಿ ಎಂಬ ಮುಸ್ಲಿಂ ಯುವಕ ಪ್ರೈಮರಿಯಲ್ಲಿ ಗೆದ್ದು, ನವೆಂಬರ್‌ನಲ್ಲಿ ನಗರವನ್ನೂ ಗೆದ್ದದ್ದು ಇದೇ ಬಾಗಿಲಿನಿಂದ ಒಳಬಂದು.

ಊರಿಗೆ ಮರಳಿದ ಕೃಷ್ಣ 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ನಿಂತರು. ಇಲ್ಲಿ ಪ್ರೈಮರಿ ಎಲ್ಲಿ ಬರಬೇಕು? ಪಕ್ಷೇತರರಾಗಿ ನಿಂತರು. ಎದುರಿಗಿದ್ದವರು ಕಾಂಗ್ರೆಸ್‌ನ ಹಿರಿಯ ಎಚ್.ಕೆ. ವೀರಣ್ಣಗೌಡರು. ಅವರ ಪರವಾಗಿ ಪ್ರಚಾರಕ್ಕೆ ಸಾಕ್ಷಾತ್ ನೆಹರೂ ಬಂದಿದ್ದರು. ಮೂವತ್ತರ ಹರೆಯದ ಕೃಷ್ಣ ಗೆದ್ದರು. ಪಕ್ಷದೊಳಗೆ ನಡೆಯದ ಪರೀಕ್ಷೆಯನ್ನು ಮದ್ದೂರಿನ ಜನ ಪಕ್ಷದ ಹೊರಗೆ ನಡೆಸಿದರು ಎಂದೇ ನಾವು ಇದನ್ನು ಓದುತ್ತೇವೆ.

ಹಾಗಾದರೆ ನಮ್ಮಲ್ಲಿ ಇಂಥ ಒಳಚುನಾವಣೆ ನಡೆದೇ ಇಲ್ಲವೇ? ನಡೆದಿದೆ, ಅದೂ 'ರಾಷ್ಟ್ರಪತಿ'ಯ ಸ್ಥಾನಕ್ಕೇ. ಸ್ವಾತಂತ್ರ್ಯಪೂರ್ವದಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು ರಾಷ್ಟ್ರಪತಿ ಎಂದೇ ಕರೆಯುತ್ತಿದ್ದರು. ಸಾಮಾನ್ಯವಾಗಿ ಒಬ್ಬರ ಹೆಸರು ಮೊದಲೇ ತೀರ್ಮಾನವಾಗಿ ಸರ್ವಾನುಮತ ಎನಿಸಿಕೊಳ್ಳುತ್ತಿತ್ತು. 1939ರಲ್ಲಿ ಸುಭಾಷ್ ಚಂದ್ರ ಬೋಸರು ಹಾಗೆ ಬಿಡಲಿಲ್ಲ. ಎರಡನೆಯ ಸಲವೂ ನಿಲ್ಲುತ್ತೇನೆ, ಪ್ರತಿನಿಧಿಗಳು ತೀರ್ಮಾನಿಸಲಿ ಎಂದರು. ಹೆಸರು ಕೇಳಿಬಂದಿದ್ದ ಮೌಲಾನಾ ಆಜಾದರು ಹಿಂದೆ ಸರಿದು ಪಟ್ಟಾಭಿ ಸೀತಾರಾಮಯ್ಯನವರಿಗೆ ಬೆಂಬಲ ಸೂಚಿಸಿದರು. ಪಟ್ಟಾಭಿಯವರ ಹಿಂದೆ ಗಾಂಧೀಜಿ ಮತ್ತು ಪಟೇಲರು.

ಆಗ ನಮ್ಮ ಸೀಮೆ ಬಿಸಿಯಾಗಿತ್ತು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಮಗ್ಗುಲ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನ ನಿಷೇಧಾಜ್ಞೆ ಮುರಿದು ಧ್ವಜ ಏರಿಸಿತ್ತು, ನಾಯಕರು ಬಂಧನಕ್ಕೊಳಗಾಗಿದ್ದರು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲ. ಸಂಸ್ಥಾನಗಳ ಹೋರಾಟವನ್ನು ಕಾಂಗ್ರೆಸ್ ತನ್ನ ಹೆಸರಿನಲ್ಲಿ ನೇರವಾಗಿ ನಡೆಸುವುದಿಲ್ಲ ಎಂದು ಹರಿಪುರದಲ್ಲಿ ನಿರ್ಣಯವಾಗಿ ಆಗಿನ್ನೂ ಎರಡು ತಿಂಗಳು.

1939ರ ಜನವರಿ 29ರಂದು ಆಯಾ ಪ್ರಾಂತಗಳಲ್ಲಿ ಮತದಾನ ನಡೆಯಿತು. ಬೋಸರಿಗೆ 1580, ಪಟ್ಟಾಭಿಯವರಿಗೆ 1377. ಆಂಧ್ರ, ಗುಜರಾತ್, ಬಿಹಾರ ಪಟ್ಟಾಭಿಯವರ ಕಡೆ. ಬಂಗಾಳದಂತೆ ಕರ್ನಾಟಕ ಪ್ರಾಂತದ ಹೆಚ್ಚಿನ ಮತವೂ ಬೋಸರ ಕಡೆ. ಕನ್ನಡ ನಾಡಿನ ಪ್ರತಿನಿಧಿಗಳು ಗಾಂಧಿಯವರನ್ನು ಪೂಜಿಸುತ್ತಲೇ ಅವರ ಉಮೇದುವಾರನನ್ನು ಒಪ್ಪಲಿಲ್ಲ. ಇದು ದ್ರೋಹವಲ್ಲ, ಇದೇ ಆಯ್ಕೆ. ಆದರೆ ಆಯ್ಕೆಯಾದದ್ದು ಉಳಿಯಲಿಲ್ಲ. ಪಟ್ಟಾಭಿಯವರ ಸೋಲು ತನ್ನ ಸೋಲು ಎಂದರು ಗಾಂಧೀಜಿ. ಕಾರ್ಯಕಾರಿ ಸಮಿತಿಯ ಬಹುತೇಕ ಸದಸ್ಯರು ರಾಜೀನಾಮೆ ಕೊಟ್ಟರು. ತ್ರಿಪುರಿಯಲ್ಲಿ ಅಧ್ಯಕ್ಷರ ಕೈ ಕಟ್ಟುವ ಗೊತ್ತುವಳಿ ಬಂತು. ಏಪ್ರಿಲ್ 29ಕ್ಕೆ, ಗೆದ್ದ ಸರಿಯಾಗಿ ಮೂರು ತಿಂಗಳಿಗೆ, ಬೋಸರು ರಾಜೀನಾಮೆ ಕೊಟ್ಟರು. ಎಣಿಸಿದ ಮತವನ್ನು ಎಣಿಸದ ಗೌರವ ಸೋಲಿಸಿತು.

ಇನ್ನೊಂದು ಪ್ರಸಂಗ ನಮ್ಮ ಬೆಂಗಳೂರಿನದು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅವರ ಜಾಗಕ್ಕೆ ಕಾಂಗ್ರೆಸ್ ಯಾರನ್ನು ನಿಲ್ಲಿಸಬೇಕು? ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಸಭೆ. ಹೂವಿನ ಪ್ರದರ್ಶನಕ್ಕೆಂದು ಕಟ್ಟಿದ ಮನೆ, ನಾಲ್ಕೂ ಕಡೆ ಗಾಜು. ತೀರ್ಮಾನ ಆದದ್ದು ಮಾತ್ರ ಅಲ್ಲಲ್ಲ, ಎಂಟು ಮಂದಿಯ ಸಂಸದೀಯ ಮಂಡಳಿಯಲ್ಲಿ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಗಾಂಧಿ ಶತಮಾನೋತ್ಸವದ ವರ್ಷ ದಲಿತರೊಬ್ಬರು ರಾಷ್ಟ್ರಪತಿಯಾಗಲಿ ಎಂದು ಇಂದಿರಾ ಅವರು ಜಗಜೀವನ ರಾಂ ಹೆಸರನ್ನು ಮುಂದಿಟ್ಟರು. ಫಕ್ರುದ್ದೀನ್ ಅಲಿ ಅಹ್ಮದ್ ಅವರ ಜೊತೆ ನಿಂತರು. ಮೊರಾರ್ಜಿ, ಕಾಮರಾಜ್, ಎಸ್.ಕೆ. ಪಾಟೀಲ್, ಚವಾಣ್ ನಾಲ್ವರೂ ನೀಲಂ ಸಂಜೀವ ರೆಡ್ಡಿಯವರ ಕಡೆ. ನಾಲ್ಕಕ್ಕೆ ಎರಡು. ದೇಶದ ಮೊದಲ ಪ್ರಜೆಯ ಸ್ಥಾನಕ್ಕೆ ಆಳುವ ಪಕ್ಷದ ಹೆಸರು ಗೊತ್ತಾಗಲು ನಾಲ್ಕು ಮತ ಸಾಕಾಯಿತು.

ಮುಂದಿನದು ಗೊತ್ತೇ ಇದೆ. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಅವರೇ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಪಕ್ಷದ ಸಂಸದರು, ಶಾಸಕರಿಗೆ ಹೇಳಿದರು. ಮಂಡ್ಯದ ಮತವನ್ನು ಹೊತ್ತಿದ್ದವರು 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಲೋಕಸಭೆಗೆ ಹೋಗಿದ್ದ ಅದೇ ಕೃಷ್ಣ. ಗುಪ್ತ ಮತದಾನವಾದ್ದರಿಂದ ನಾವು ಊಹೆಗೆ ಹೋಗುವುದಿಲ್ಲ. ಎರಡನೆಯ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಎರಡು ಹೋಳು. ಇಲ್ಲೂ ಪಕ್ಷದೊಳಗಿನ ಜಗಳ ಪಕ್ಷೇತರನ ಹೆಸರಿನಲ್ಲಿಯೇ ತೀರ್ಮಾನವಾದದ್ದು ನೋಡಿ. ಆ ಗದ್ದಲದಲ್ಲಿ ಜಗಜೀವನ ರಾಂ ಹೆಸರನ್ನು ಎಲ್ಲರೂ ಮರೆತರು.

2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್ ನಡುವೆ ನಡೆದ ಚುನಾವಣೆಯಲ್ಲಿ ಖರ್ಗೆಯವರಿಗೆ 7,897, ತರೂರರಿಗೆ 1,072 ಮತ. ಒಬ್ಬ ಕನ್ನಡಿಗ ದಲಿತ ನಾಯಕ ಗೆದ್ದದ್ದು ನಮಗೆ ಸಂತೋಷವೇ. ಆದರೆ ಮನೆಯವರ ಒಲವು ಯಾವ ಕಡೆ ಎಂದು ಮೊದಲೇ ಎಲ್ಲರಿಗೂ ಗೊತ್ತಿದ್ದ ಚುನಾವಣೆ ಅದು.

ನಿಜವಾದ ಪ್ರೈಮರಿಯ ಪ್ರಯೋಗ ನಮ್ಮ ರಾಜ್ಯದಲ್ಲಿ ಒಮ್ಮೆ ಆಗಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಹದಿನೈದರಷ್ಟು ಕ್ಷೇತ್ರಗಳಲ್ಲಿ ಪಕ್ಷದವರಿಂದಲೇ ಮತ ಹಾಕಿಸಿ ಉಮೇದುವಾರನನ್ನು ಆರಿಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಒಂದರಲ್ಲಿ ಸಿ. ನಾರಾಯಣಸ್ವಾಮಿ, ಇನ್ನೊಂದರಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಇಬ್ಬರೂ ಚುನಾವಣೆಯಲ್ಲಿ ಸೋತರು, ಪ್ರಯೋಗವೂ ತಣ್ಣಗಾಯಿತು. ಕೋಣೆಯಲ್ಲಿ ಆರಿಸಿದವರು ಆ ವರ್ಷ ರಾಶಿರಾಶಿಯಾಗಿ ಸೋತರಲ್ಲ, ಅದಕ್ಕಾಗಿ ಕೋಣೆಯನ್ನು ಯಾರೂ ಮುಚ್ಚಲಿಲ್ಲ! ಮತ ಹಾಕುವ ಹಕ್ಕು ಇದ್ದದ್ದೂ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು ಮುಂತಾದವರಿಗೆ ಮಾತ್ರ. ಬೂತಿನಲ್ಲಿ ಬಿಸಿಲಿಗೆ ಕೂರುವ ಕಾರ್ಯಕರ್ತನಿಗೆ ಅಲ್ಲ.

ಹೀಗಾಗಿ ನಮ್ಮ ಜಿಲ್ಲೆಯ ದಾರಿ ಪಕ್ಷೇತರನ ದಾರಿಯಾಗಿಯೇ ಉಳಿದಿದೆ. ಮದ್ದೂರು 1962ರಲ್ಲಿ ತೋರಿಸಿತು. ಮಳವಳ್ಳಿ 2008ರಲ್ಲಿ ಪಿ.ಎಂ. ನರೇಂದ್ರಸ್ವಾಮಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿತು. 2013ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರ ಮೈತ್ರಿಯಲ್ಲಿ ಜೆಡಿಎಸ್‌ಗೆ ಹೋಯಿತು. ಕಾಂಗ್ರೆಸ್ ಟಿಕೆಟ್ ಕೇಳಿದ್ದ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು ನಿಖಿಲ್ ಕುಮಾರಸ್ವಾಮಿಯವರನ್ನು 1,25,876 ಮತಗಳಿಂದ ಸೋಲಿಸಿದರು. ಅಂದು ನಮ್ಮ ಮೊಹಲ್ಲಾಗಳಲ್ಲಿ ಮನಸ್ಸು ಎರಡಾಗಿತ್ತು. ಅಂಬರೀಶ್ ಮೇಲಿನ ಪ್ರೀತಿ ಒಂದು ಕಡೆ, ಅವರ ಪತ್ನಿಗೆ ಬಿಜೆಪಿ ಬೆಂಬಲ ಕೊಟ್ಟಿದೆ ಎಂಬ ಅಳುಕು ಇನ್ನೊಂದು ಕಡೆ. ಪಕ್ಷದೊಳಗೇ ಮೊದಲು ಮತ ಹಾಕಿ ತೀರ್ಮಾನಿಸಿಕೊಂಡಿದ್ದರೆ ಈ ಇಬ್ಬಂದಿಯೇ ಬರುತ್ತಿರಲಿಲ್ಲ.

ಪಕ್ಷೇತರನ ದಾರಿಗೆ ಬೇಕಾದ್ದು ಹೆಸರು, ಹಣ, ಮನೆತನ, ಜಾತಿಯ ಬಲ. ಇವು ಇಲ್ಲದವನಿಗೆ ಆ ದಾರಿಯೂ ಮುಚ್ಚಿದೆ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಲ್ಲಿ 'ಗೆಲ್ಲೋ ಕುದುರೆ'ಯ ತಕರಾರನ್ನು ಸಂವಿಧಾನವೇ ಕೋಣೆಯಿಂದ ಹೊರಗೆ ಎಸೆದಿದೆ, ಎಲ್ಲ ಪಕ್ಷಗಳೂ ದಲಿತರನ್ನೇ ನಿಲ್ಲಿಸಬೇಕು, ಎಲ್ಲ ಜಾತಿಯವರೂ ದಲಿತರಿಗೇ ಮತ ಹಾಕುತ್ತಾರೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ಮುಸ್ಲಿಮರಿಗೆ ಅಂಥ ಕಾನೂನಿಲ್ಲ, ಬೇಕೆಂದು ನಾವು ಇಲ್ಲಿ ವಾದಿಸುತ್ತಲೂ ಇಲ್ಲ. ನಮ್ಮ ಹುಡುಗರಿಗೆ ಪುರಸಭೆಯ ಟಿಕೆಟ್ ಸಿಗುವುದು ನಮ್ಮವರೇ ಹೆಚ್ಚಿರುವ ವಾರ್ಡುಗಳಲ್ಲಿ. ಆ ವಾರ್ಡು ದಾಟಿ ಪಕ್ಕದ ಬೀದಿಗೆ ಬಂದರೆ ಜನ ಒಪ್ಪುವುದಿಲ್ಲ ಎನ್ನುತ್ತಾರೆ. ಪಕ್ಕದ ಬೀದಿಯವರು ಇವರ ಅಂಗಡಿಯಲ್ಲೇ ಸೈಕಲ್ ರಿಪೇರಿ ಮಾಡಿಸುತ್ತಾರೆ, ಮದುವೆಗೆ ಕರೆಯುತ್ತಾರೆ. ಅವರನ್ನು ಒಂದು ಮಾತು ಕೇಳಿ ಎಂದರೆ, ಪಟ್ಟಿ ಆಗಲೇ ಬೆಂಗಳೂರಿಗೆ ಹೋಗಿದೆಯಂತೆ.